ಸಹಾಬಿಗಳ (ಪ್ರವಾದಿ ಮುಹಮ್ಮದರ ಸಂಗಾತಿಗಳ) ವಂಶವೃಕ್ಷ ಬರೆಯುವುದು ಹೇಗೆ?

ಕಾಸರಗೋಡಿನ ನಮ್ಮ ಮನೆಯಲ್ಲಿ ಇದಕ್ಕೆ ಹಳೇ ಕ್ಯಾಲೆಂಡರ್‌ನ ಹಿಂಬದಿಯೇ ಸಾಕಾಯಿತು. ಮೊದಲು ಹೆಸರು ಬಿಡಿಸಿ: ‘ಇಬ್ನ್’ ಅಂದರೆ ಮಗ, ‘ಬಿಂತ್’ ಮಗಳು, ‘ಅಬೂ’ ಅಪ್ಪ. ನಡುವೆ ಪ್ರವಾದಿ ಮುಹಮ್ಮದರನ್ನು ಬರೆದು, ಮೇಲೆ ಅವರನ್ನು ಸಾಕಿದ ದೊಡ್ಡಪ್ಪ ಅಬೂ ತಾಲಿಬ್, ಪಕ್ಕದಲ್ಲಿ ಹೆಂಡತಿ ಖದೀಜಾ, ಕೆಳಗೆ ಮಗಳು ಫಾತಿಮಾ. ಅಲಿ ಬಂದಾಗ ಪೆನ್ಸಿಲ್ ನಿಲ್ಲುತ್ತದೆ. ಅಬೂ ತಾಲಿಬರ ಮಗ ಅಂದಮೇಲೆ ನಮ್ಮ ಲೆಕ್ಕದಲ್ಲಿ ಫಾತಿಮಾಗೆ ಚಿಕ್ಕಪ್ಪ ಆಗಬೇಕು, ಅಲ್ವಾ? ಆದರೆ ಗಂಡ! ಅರಬರಲ್ಲಿ ಅಪ್ಪನ ಕಡೆಯ ಇಂಥ ಸಂಬಂಧ ಮಾಮೂಲು, ಸುಮ್ನೆ ಎರಡು ಗೆರೆ ಎಳೆಯಿರಿ. ಹಾಲಿನ ನಂಟಿಗೆ ಚುಕ್ಕಿ ಗೆರೆ ಇರಲಿ. ಹಂಝಾ ಪ್ರವಾದಿಗೆ ಚಿಕ್ಕಪ್ಪನೂ ಹೌದು, ಸುವೈಬಾ ಎಂಬಾಕೆ ಇಬ್ಬರಿಗೂ ಹಾಲೂಡಿಸಿದ್ದರಿಂದ ಅಣ್ಣನೂ ಹೌದು. ಕೊನೆಗೆ ಪ್ರವಾದಿಯ ನಂತರ ಆಳಿದ ಮೊದಲ 4 ಖಲೀಫರು: ಅಬೂಬಕ್ಕರ್, ಉಮರ್ ಪ್ರವಾದಿಗೆ ಹೆಣ್ಣು ಕೊಟ್ಟ ಮಾವಂದಿರು; ಉಸ್ಮಾನ್, ಅಲಿ ಅಳಿಯಂದಿರು.