ಸುಳ್ಳೋ, ಮನವೊಲಿಕೆಯೋ? ದಾಳ ಉರುಳಿಸುವ ಮುಂಚೆ ನಾನು ಕೇಳುವ ಪ್ರಶ್ನೆ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅಂದರೆ ಪಾತ್ರ ವಹಿಸಿ, ದಾಳ ಹಾಕಿ ಕಥೆ ಕಟ್ಟುವ ಆಟ. ಅದನ್ನು ಮಾಸ್ಟರ್ ಆಗಿ ಆಡಿಸುವವರಿಗೆ ಈ ಪೇಚು ಹೊಸದಲ್ಲ. ಆಟಗಾರ ಕಾವಲುಗಾರನ ಮುಂದೆ ಸೊಗಸಾಗಿ ಮಾತಾಡಿ, 'ಪರ್ಸುಯೇಷನ್ ಹಾಕ್ಲಾ?' ಅಂತ ಕೇಳುತ್ತಾನೆ. ಅಂದರೆ ಮನವೊಲಿಕೆಯ ಕೌಶಲಕ್ಕೆ ದಾಳ ಹಾಕಲೇ ಅಂತ. ಅವನಿಗೆ ಅದರಲ್ಲೇ ದಾಳಕ್ಕೆ ಸೇರುವ ಬೋನಸ್ ಜಾಸ್ತಿ. ಆದರೆ ಹೇಳಿದ್ದರಲ್ಲಿ ಅರ್ಧ ಸುಳ್ಳು! ಪರ್ಸುಯೇಷನ್, ಸುಳ್ಳಿಗೆ ಬಳಸುವ ಡಿಸೆಪ್ಷನ್, ಎರಡೂ ಕರಿಸ್ಮಾದ (ವರ್ಚಸ್ಸಿನ) ಕೌಶಲಗಳೇ, ಯಾವುದಾದರೇನು ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಹಾಗೆ ಬಿಟ್ಟರೆ ಡಿಸೆಪ್ಷನ್ ಆರಿಸಿಕೊಂಡ ಇನ್ನೊಬ್ಬ ಆಟಗಾರನಿಗೆ ಅನ್ಯಾಯ.

2014ರ ನಿಯಮ ಪುಸ್ತಕ ಪ್ಲೇಯರ್ಸ್ ಹ್ಯಾಂಡ್‌ಬುಕ್ ಪ್ರಕಾರ, ಮನಸ್ಸಿನಲ್ಲಿ ಕಪಟವಿಲ್ಲದೆ ಕೇಳಿಕೊಂಡರೆ ಸಾಮಾನ್ಯವಾಗಿ ಪರ್ಸುಯೇಷನ್. ಸತ್ಯ ಮುಚ್ಚಿಟ್ಟರೆ ಡಿಸೆಪ್ಷನ್. ನೇರ ಸುಳ್ಳೇ ಆಗಬೇಕಿಲ್ಲ, ಅಡ್ಡಗೋಡೆ ಮೇಲೆ ದೀಪ ಇಟ್ಟಂತೆ ಮಾತಾಡಿ ದಾರಿ ತಪ್ಪಿಸಿದರೂ ಅದೇ. ಕಷ್ಟವಾಗುವುದು ಅರ್ಧಸತ್ಯದಲ್ಲಿ.

ನಮ್ಮ ಟೇಬಲ್ಲಿನ ಒಂದು ಸಂದರ್ಭ ನೋಡಿ. ರಾತ್ರಿ, ಕೋಟೆ ಬಾಗಿಲು ಹಾಕಿದೆ. 'ಗಾಡಿಯಲ್ಲಿ ಜ್ವರದವನಿದ್ದಾನೆ, ಒಳಗೆ ಬಿಡಿ' ಅಂತ ಬಾರ್ಡ್ (ಹಾಡುಗಾರ ಪಾತ್ರ) ಬೇಡಿಕೊಂಡ. ಜ್ವರ ನಿಜ. ಹುಲ್ಲಿನ ಕೆಳಗೆ ಕದ್ದ ರಾಜಮುದ್ರೆ ಇರುವುದೂ ನಿಜ. ನಾನು ಕೇಳಿದ್ದು ಇಷ್ಟೇ: 'ಕಾವಲುಗಾರನಿಗೆ ಮುದ್ರೆಯ ವಿಷಯ ಗೊತ್ತಿದ್ದರೆ ಬಾಗಿಲು ತೆಗೀತಿದ್ನಾ?' ಇಲ್ಲ. ಹಾಗಾದರೆ ಡಿಸೆಪ್ಷನ್. ಹುಲ್ಲಿನ ಕೆಳಗೆ ಏನೂ ಇಲ್ಲದಿದ್ದರೆ ಅದೇ ಮಾತು ಪರ್ಸುಯೇಷನ್ ಆಗುತ್ತಿತ್ತು.

ಆಮೇಲೆ ಲೆಕ್ಕ ಬೇರೆ. ಬೇಡಿಕೆಗೆ ನಾನು ಡಿಸಿ (ಗೆಲ್ಲಲು ದಾಳದ ಮೊತ್ತ ಮುಟ್ಟಬೇಕಾದ ಅಂಕ) ಇಡುತ್ತೇನೆ, ಮಧ್ಯಮ ಕಷ್ಟದ್ದಾದರೆ 15. ಸುಳ್ಳಿಗೆ ಎದುರಾಳಿಯ ಇನ್‌ಸೈಟ್, ಅಂದರೆ ಸುಳ್ಳು ಪತ್ತೆಹಚ್ಚುವ ಕೌಶಲ, ನೋಡುತ್ತೇನೆ. ಆ ಆವೃತ್ತಿಯ ಪುಸ್ತಕಗಳ ಸಾಮಾನ್ಯ ಕಾವಲುಗಾರನ ವಿಸ್ಡಮ್ (ವಿವೇಕದ ಅಂಕ) 11, ಇನ್‌ಸೈಟ್ ತರಬೇತಿ ಇಲ್ಲ, ಹಾಗಾಗಿ ಪ್ಯಾಸಿವ್ (ಅವನಿಗೆ ದಾಳ ಹಾಕದೆ ಹಿಡಿಯುವ) ಲೆಕ್ಕದಲ್ಲಿ ಬರೀ 10. ಅಂದರೆ ಇಲ್ಲಿ ಸುಳ್ಳೇ ಸಲೀಸು! ಇದು ನನಗೆ ಸರಿಯಾಗೇ ಕಾಣುತ್ತದೆ, ಯಾಕೆಂದರೆ ಸುಳ್ಳಿನ ಬೆಲೆ ಆಮೇಲೆ ಕಟ್ಟಬೇಕು. ಪರ್ಸುಯೇಷನ್ ಸೋತರೆ 'ಆಗಲ್ಲ, ಬೆಳಿಗ್ಗೆ ಬನ್ನಿ' ಅಂತಾನೆ, ಅಷ್ಟೇ. ಡಿಸೆಪ್ಷನ್ ಸೋತರೆ ಗಾಡಿ ತಪಾಸಣೆ. ಗೆದ್ದರೂ ನಿಶ್ಚಿಂತೆಯಿಲ್ಲ, ಮುದ್ರೆ ಸಿಕ್ಕಿದ ದಿನ ಅದೇ ಕಾವಲುಗಾರ ಇವರ ಚಹರೆ ಹೇಳುತ್ತಾನೆ.

ಇನ್ನೊಂದು ಮಾತು. ನಂಬಿದ ಮಾತ್ರಕ್ಕೆ ಒಪ್ಪಲೇಬೇಕು ಅಂತಿಲ್ಲ, ಅಲ್ವಾ? ಜ್ವರದವನಿದ್ದಾನೆ ಅಂತ ಪೂರ್ತಿ ನಂಬಿಯೂ ಬಾಗಿಲು ತೆಗೆಯದ ನಿಷ್ಠಾವಂತನಿರಬಹುದು. ಆಗ ಸುಳ್ಳು ಗೆದ್ದದ್ದಕ್ಕೆ ಮುಂದಿನ ಪರ್ಸುಯೇಷನ್‌ಗೆ ಅಡ್ವಾಂಟೇಜ್ (ಎರಡು ಸಲ ದಾಳ ಹಾಕಿ ದೊಡ್ಡದನ್ನು ಹಿಡಿಯುವುದು) ಕೊಡುತ್ತೇನೆ. ಇದು ಪುಸ್ತಕದ ನಿಯಮವಲ್ಲ, ನಮ್ಮ ಟೇಬಲ್ಲಿನದು. 2024ರ ಪುಸ್ತಕದಲ್ಲಿ ಇನ್‌ಫ್ಲುಯೆನ್ಸ್ ಅನ್ನುವ ಆಕ್ಷನ್ ಬಂದಿದೆ. ಅಲ್ಲಿ ಹಿಂದೆಮುಂದೆ ನೋಡುವವನಿಗೆ ಡಿಸಿ 15, ಅವನ ಇಂಟೆಲಿಜೆನ್ಸ್ (ಬುದ್ಧಿಯ ಅಂಕ) 15ಕ್ಕಿಂತ ಹೆಚ್ಚಿದ್ದರೆ ಆ ಅಂಕವೇ ಡಿಸಿ. ಆದರೂ ಯಾವ ಕೌಶಲ ಅನ್ನುವುದನ್ನು ಮಾಸ್ಟರ್ ತೀರ್ಮಾನಿಸಲೇಬೇಕು.

ಆಟಗಾರನಿಗೆ ಗೊತ್ತಿದ್ದು ಪಾತ್ರಕ್ಕೆ ಗೊತ್ತಿಲ್ಲದಿದ್ದರೆ? ಹುಲ್ಲಿನ ಕೆಳಗೆ ಮುದ್ರೆ ಇಟ್ಟಿದ್ದು ರೋಗ್ (ಕಳ್ಳನಂಥ ಪಾತ್ರ), ಬಾರ್ಡ್‌ಗೆ ಅದರ ಸುಳಿವೇ ಇಲ್ಲ ಅಂದುಕೊಳ್ಳಿ. ಆಗ ನನ್ನ ಟೇಬಲ್ಲಿನಲ್ಲಿ ಪರ್ಸುಯೇಷನ್ನೇ. ಕಾವಲುಗಾರ ಎಷ್ಟು ದಿಟ್ಟಿಸಿ ನೋಡಿದರೂ ಬಾರ್ಡ್ ಮುಖದಲ್ಲಿ ಸುಳ್ಳು ಕಾಣುವುದಿಲ್ಲ. ಪಕ್ಕದಲ್ಲಿ ನಿಂತ ರೋಗ್ ಮುಖದಲ್ಲಿ ಕಾಣಬಹುದು, ಅದಕ್ಕೆ ಡಿಸೆಪ್ಷನ್ ಹಾಕಬೇಕಾದವನು ಅವನು.