ನಿಮ್ಮ ಬಡಾವಣೆಯ ಪಾರ್ಕಿಗೆ ಪಾಲಿಕೆಯ ದುಡ್ಡು ತರುವುದು ಹೇಗೆ

ಜೋಕಾಲಿಯ ಸರಪಳಿ ಕಿತ್ತುಹೋದರೆ, ಬೆಂಗಳೂರಿನಲ್ಲಿ 1533ಕ್ಕೆ ಫೋನ್ ಮಾಡಿ ದೂರು ಕೊಡಬಹುದು. ಆದರೆ ನಡೆಯುವ ದಾರಿ ಹೊಸದಾಗಬೇಕು, ಶೌಚಾಲಯ ಬೇಕು, ದೀಪ ಬೇಕು ಎಂದರೆ ದೂರಿನಿಂದ ಆಗುವುದಿಲ್ಲ. ಅದಕ್ಕೆ ಬಜೆಟ್‌ನಲ್ಲಿ ಹಣ ಇಡಿಸಬೇಕು. ಹಣ ಇಡಿಸಲು ಎಸ್ಟಿಮೇಟ್, ಅಂದರೆ ಖರ್ಚಿನ ಅಂದಾಜು ಪಟ್ಟಿ ಬೇಕು. ನಮ್ಮ ಪಾರ್ಕಿಗಾಗಿ ಕಚೇರಿಗಳಿಗೆ ಓಡಾಡಿದಾಗ ನನಗೆ ಮನದಟ್ಟಾದದ್ದು ಇದೇ. ಎಸ್ಟಿಮೇಟ್ ಇಲ್ಲದ ಮನವಿ ಫೈಲಿನಲ್ಲೇ ಉಳಿಯುತ್ತದೆ.

ಮೊದಲು ಪಾರ್ಕ್ ಯಾರ ಕೈಯಲ್ಲಿದೆ ಎಂದು ತಿಳಿದುಕೊಳ್ಳಿ. ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ಬಡಾವಣೆಗಳಲ್ಲಿ ಶೇ 15ರಷ್ಟು ಜಾಗವನ್ನು ಪಾರ್ಕು ಮತ್ತು ಆಟದ ಮೈದಾನಕ್ಕೆ ಬಿಡಬೇಕು ಎಂದು ಕಾನೂನಿದೆ. ಆ ಜಾಗ ಪಾಲಿಕೆಗೆ ಹಸ್ತಾಂತರ ಆಗಿದೆಯೇ ಎಂದು ಕೇಳಿ. ಆಗಿಲ್ಲದಿದ್ದರೆ ಮೊದಲ ಕೆಲಸ ಅದೇ. 2025ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹಳೆಯ ಪಾಲಿಕೆ ಬಿಬಿಎಂಪಿ ಹೋಗಿ ಐದು ನಗರ ಪಾಲಿಕೆಗಳು ಬಂದಿವೆ. ಗೇಟಿನ ಮೇಲೆ ಹಳೆಯ ಬೋರ್ಡ್ ಇದ್ದರೂ ನಿಮ್ಮ ಅರ್ಜಿ ಹೊಸ ಪಾಲಿಕೆಯ ಹೆಸರಿಗೇ ಹೋಗಬೇಕು. ಗಿಡ, ಹುಲ್ಲು, ಮಾಲಿಗಳ ಉಸ್ತುವಾರಿ ತೋಟಗಾರಿಕೆ ವಿಭಾಗದ್ದು. ಕಾಂಪೌಂಡ್, ಚರಂಡಿಯಂಥ ಸಿವಿಲ್ ಕೆಲಸ ಸಾಮಾನ್ಯವಾಗಿ ವಾರ್ಡ್ ಎಂಜಿನಿಯರ್‌ಗೆ ಬರುತ್ತದೆ. ಇಬ್ಬರಿಗೂ ಒಂದೊಂದು ಪ್ರತಿ ಕೊಟ್ಟು ಸೀಲು ಹಾಕಿಸಿಕೊಳ್ಳಿ.

ಏನು ಕೇಳಬೇಕು ಎಂಬುದನ್ನು ಮಾತ್ರ ಆತುರದಲ್ಲಿ ನಿರ್ಧರಿಸಬೇಡಿ. ಬೆಳಗಿನ ವಾಕಿಂಗ್ ಗುಂಪನ್ನಷ್ಟೇ ಕೇಳಿದರೆ ಓಪನ್ ಜಿಮ್ ಬೇಕು ಅನ್ನುತ್ತಾರೆ. ನಮ್ಮಲ್ಲೂ ಹಾಗೇ ಶುರುವಾಯಿತು. ಆಮೇಲೆ ನಾವು ಮಧ್ಯಾಹ್ನವೂ ಹೋಗಿ ಕೂತೆವು. ಮನೆಗೆಲಸ ಮುಗಿಸಿದ ಹೆಂಗಸರು ಬುತ್ತಿ ತಿನ್ನಲು ನೆರಳು ಹುಡುಕುತ್ತಿದ್ದರು. ಕೈ ತೊಳೆಯಲು ನಲ್ಲಿ ಇರಲಿಲ್ಲ. ಶೌಚಾಲಯ ಇರಲಿಲ್ಲ. ಕೆಲವು ದಿನ ಗೇಟಿಗೇ ಬೀಗ. ಸಂಜೆ ಬಂದ ಅಜ್ಜಿಯರು, ಬೆಂಚು ತುಂಬಾ ತಗ್ಗು, ಕೂತರೆ ಏಳೋಕಾಗಲ್ಲ ಎಂದರು. ಇದೆಲ್ಲ ಕೇಳಿದ ಮೇಲೆ ನಮ್ಮ ಪಟ್ಟಿಯೇ ಬದಲಾಯಿತು. ನೀರು, ಶೌಚಾಲಯ, ದೀಪ ಮೊದಲು. ಜಿಮ್ ಕೊನೆಗೆ. ಪಾರ್ಕ್ ಎಲ್ಲರ ತೆರಿಗೆಯಲ್ಲಿ ನಡೆಯುತ್ತದೆ ಅಲ್ವಾ? ಅಲ್ಲಿ ಕೂರುವವರೆಲ್ಲರ ಮಾತೂ ಪಟ್ಟಿಯಲ್ಲಿ ಇರಬೇಕು.

ಪಟ್ಟಿ ಆದಮೇಲೆ ಎಂಜಿನಿಯರನ್ನು ಪಾರ್ಕಿಗೇ ಕರೆಯಿರಿ. ಟೇಪು ಹಿಡಿದು ಜತೆಗೆ ನಡೆಯಿರಿ. 'ದಾರಿ ಸರಿಯಿಲ್ಲ' ಎಂದರೆ ಅವರು ಏನು ಬರೆದುಕೊಳ್ಳಬೇಕು? ಎಲ್ಲಿಂದ ಎಲ್ಲಿಗೆ, ಎಷ್ಟು ಮೀಟರ್, ಎಷ್ಟು ಅಗಲ ಎಂದು ಹೇಳಿ. ಹೊಂಗೆ ಮರದ ಬುಡದವರೆಗೂ ಕಲ್ಲು ಹಾಸುವುದನ್ನು ಆಗಲೇ ತಡೆಯಿರಿ. ಸುತ್ತ ಒಂದು ಮೀಟರ್ ಮಣ್ಣು ಬಿಡಿ ಎಂದು ಎಸ್ಟಿಮೇಟ್‌ನಲ್ಲೇ ಬರೆಸಿ. ಗಿಡಗಳಿಗೆ ಯಾವ ನೀರು ಎಂಬುದೂ ಇರಲಿ. 2024ರ ಬರದಲ್ಲಿ ಜಲಮಂಡಳಿ ಕುಡಿಯುವ ನೀರನ್ನು ತೋಟಕ್ಕೆ ಹಾಕಿದರೆ 5,000 ರೂಪಾಯಿ ದಂಡ ಎಂದಿತ್ತು. ಸಂಸ್ಕರಿಸಿದ ನೀರಿಗೆ ತೊಟ್ಟಿಯ ಏರ್ಪಾಡು ಮೊದಲೇ ಕೇಳುವುದು ಒಳ್ಳೆಯದು.

ಇಷ್ಟೂ ಅಕ್ಟೋಬರ್, ನವೆಂಬರ್ ಹೊತ್ತಿಗೆ ಮುಗಿಯಲಿ. ಹಣಕಾಸು ವರ್ಷ ಏಪ್ರಿಲ್‌ಗೆ ಶುರು. ಬಜೆಟ್ ತಯಾರಿ ಅದಕ್ಕೂ ಎಷ್ಟೋ ಮೊದಲು ನಡೆಯುತ್ತದೆ. ಮಾರ್ಚ್‌ನಲ್ಲಿ ಮನವಿ ಹಿಡಿದು ಹೋದರೆ ಸುಮ್ನೆ ಒಂದು ವರ್ಷ ಹೋಗುತ್ತದೆ. ಜನಾಗ್ರಹ ಸಂಸ್ಥೆ 2015ರಲ್ಲಿ ಶುರುಮಾಡಿದ 'ಮೈ ಸಿಟಿ ಮೈ ಬಜೆಟ್' ಅಭಿಯಾನವೂ ಬಜೆಟ್‌ಗೆ ಮೊದಲೇ ಜನರ ಸಲಹೆ ಕೂಡಿಸುತ್ತದೆ.

ಇನ್ನು ದುಡ್ಡು. ಪಾಲಿಕೆಗೆ ತನ್ನದೇ ಆದ ದೊಡ್ಡ ಆದಾಯ ಆಸ್ತಿ ತೆರಿಗೆ. ಅದರ ಜತೆ ಸರ್ಕಾರದ ಅನುದಾನ. ಶಾಸಕರ ನಿಧಿ ವರ್ಷಕ್ಕೆ 2 ಕೋಟಿ, ಸಂಸದರದ್ದು 5 ಕೋಟಿ. ಎರಡೂ ಇಡೀ ಕ್ಷೇತ್ರಕ್ಕೆ. ಹಾಗಾಗಿ ಅಲ್ಲಿ ಶೌಚಾಲಯದಂಥ ಒಂದೇ ಕೆಲಸ ಕೇಳಿ. ಕಂಪನಿಗಳು ಸಮಾಜದ ಕೆಲಸಕ್ಕೆಂದು ಕೊಡುವ ಸಿಎಸ್‌ಆರ್ ಹಣ ತಂದರೂ ಪಾಲಿಕೆಯ ಲಿಖಿತ ಒಪ್ಪಿಗೆ ಬೇಕು. ಇವೆಲ್ಲ ಕಟ್ಟಲು ಬರುವ ಹಣ. ಮಾಲಿಯ ಸಂಬಳ, ಬೀಗ ತೆಗೆಯುವವರು, ಬಲ್ಬು, ಶೌಚಾಲಯ ತೊಳೆಯುವವರು ಪ್ರತಿ ತಿಂಗಳ ಖರ್ಚು. ಅದು ವಾರ್ಷಿಕ ನಿರ್ವಹಣೆಯ ಟೆಂಡರ್‌ನಲ್ಲಿ ಬೇರೆಯಾಗಿ ಇರಬೇಕು. ಕಟ್ಟಿ ಬೀಗ ಜಡಿದ ಶೌಚಾಲಯ ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ನಿರ್ವಹಣೆ ಯಾರದ್ದು ಎಂದು ತೀರ್ಮಾನವಾಗದೆ ಕಟ್ಟುವ ಕೆಲಸಕ್ಕೆ ಒಪ್ಪಬೇಡಿ.

ಎಸ್ಟಿಮೇಟ್ ಸರ್ಕಾರಿ ದರಪಟ್ಟಿಯಂತೆ ತಯಾರಾಗಿ, ಆಡಳಿತಾತ್ಮಕ ಮತ್ತು ತಾಂತ್ರಿಕ ಮಂಜೂರಾತಿ ಪಡೆದು ಟೆಂಡರ್‌ಗೆ ಹೋಗುತ್ತದೆ. ಆಮೇಲೆ ವರ್ಕ್ ಆರ್ಡರ್, ಆದ ಕೆಲಸವನ್ನು ಅಳೆದು ಬರೆಯುವ ಅಳತೆ ಪುಸ್ತಕ, ಬಿಲ್ಲು. ಕಾಮಗಾರಿಯ ಸಂಖ್ಯೆ ಬರೆದಿಟ್ಟುಕೊಳ್ಳಿ. ಎಸ್ಟಿಮೇಟ್ ಪ್ರತಿ ಮೊದಲು ಬಾಯಿಮಾತಲ್ಲೇ ಕೇಳಿ. ಕೊಡದಿದ್ದರೆ 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ ಹಾಕಿ. ಕರ್ನಾಟಕದಲ್ಲಿ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಇರಬೇಕು. 30 ದಿನದಲ್ಲಿ ಉತ್ತರ ಬರಬೇಕು.

ಕೆಲಸ ಶುರುವಾದ ದಿನ ಎಸ್ಟಿಮೇಟ್ ಪ್ರತಿ ಹಿಡಿದು ಪಾರ್ಕಿಗೆ ಹೋಗಿ. ಬೆಂಚಿನ ಎತ್ತರ ಅಳೆಯಿರಿ. ದೀಪದ ಕಂಬ ಎಣಿಸಿ. ಏನಾದರೂ ಕಡಿಮೆ ಇದ್ದರೆ ಬಿಲ್ ಪಾಸಾಗುವ ಮೊದಲೇ ಎಂಜಿನಿಯರ್‌ಗೆ ಬರೆದು ಕೊಡಿ. ದೋಷ ಸರಿಪಡಿಸುವ ಅವಧಿ ಎಷ್ಟು ತಿಂಗಳು ಎಂದು ಗುತ್ತಿಗೆಯಲ್ಲಿ ನೋಡಿಕೊಳ್ಳಿ. ಆ ಅವಧಿಯಲ್ಲಿ ಟೈಲ್ಸ್ ಎದ್ದರೆ ಗುತ್ತಿಗೆದಾರರೇ ತಮ್ಮ ಖರ್ಚಿನಲ್ಲಿ ಸರಿಮಾಡಬೇಕು.