ಊರ ಕಲ್ಲು ಏನು ಹೇಳುತ್ತದೆ? ಮೊಬೈಲ್‌ನಲ್ಲೇ ಹುಡುಕುವುದು ಹೀಗೆ

ಮಲೆನಾಡಿನ ಯಾವ ಕಡೆ ಹೋದರೂ ಕೆತ್ತಿದ ಕಲ್ಲುಗಳು ಕಣ್ಣಿಗೆ ಬೀಳುತ್ತವೆ. ಕೆರೆ ಏರಿಯ ಮೇಲೆ, ದೇವಸ್ಥಾನದ ಅಂಗಳದಲ್ಲಿ, ಅಡಿಕೆ ತೋಟದ ಬೇಲಿಯ ಪಕ್ಕ, ಭೂತನ ಬನದೊಳಗೆ. ಕೆಲವಕ್ಕೆ ಅರಿಶಿನ ಕುಂಕುಮ ಸಲ್ಲುತ್ತದೆ. ಕೆಲವು ಬಟ್ಟೆ ಒಗೆಯುವ ಕಲ್ಲಾಗಿವೆ. ‘ಅದರಲ್ಲಿ ಏನು ಬರೆದಿದೆ?’ ಅಂತ ಕೇಳಿದರೆ ‘ಅದರಡಿ ನಿಧಿ ಇದೆಯಂತೆ’ ಅನ್ನುವವರೇ ಜಾಸ್ತಿ. ಈ ಮಾತು ನಂಬಿ ಕಳ್ಳರು ರಾತ್ರೋರಾತ್ರಿ ಬುಡಮೇಲು ಮಾಡಿದ ಕಲ್ಲುಗಳು ಎಷ್ಟೋ. ಆದರೆ ಅವುಗಳ ಮೇಲಿರುವುದು ಗದ್ದೆ ಬಿಟ್ಟುಕೊಟ್ಟ ವಿಷಯ, ಕೆರೆ ಕಟ್ಟಿಸಿದ ವಿಷಯ, ಊರ ದನ ಬಿಡಿಸಲು ಹೋಗಿ ಸತ್ತವನ ಹೆಸರು.

ಶಿವಮೊಗ್ಗ ಜಿಲ್ಲೆಯ ಇಂಥ ಶಾಸನಗಳಲ್ಲಿ ಬಹಳಷ್ಟನ್ನು ನೂರು ವರ್ಷಗಳ ಹಿಂದೆಯೇ ಓದಿ ಅಚ್ಚು ಹಾಕಿದ್ದಾರೆ. ಆ ಪುಸ್ತಕಗಳು ಈಗ ಇಂಟರ್ನೆಟ್‌ನಲ್ಲಿ ಉಚಿತವಾಗಿ ಸಿಗುತ್ತವೆ. ನಿಮ್ಮ ಊರಿನ ಕಲ್ಲಿನಿಂದಲೇ ಶುರು ಮಾಡಿ. ರಾಜವಂಶಗಳ ಪಟ್ಟಿ ಬಾಯಿಪಾಠ ಮಾಡಿ ಆಮೇಲೆ ಊರಿಗೆ ಬರುವುದಕ್ಕಿಂತ ಇದು ಸುಲಭ, ಮನಸ್ಸಿಗೂ ಹತ್ತಿರ.

ಹಂತ 1: ಸರಿಯಾದ ಸಂಪುಟ ಇಳಿಸಿಕೊಳ್ಳಿ

ಪುಸ್ತಕದ ಹೆಸರು ‘ಎಪಿಗ್ರಾಫಿಯಾ ಕರ್ನಾಟಿಕಾ’. ಬೆಂಗಳೂರಿನಲ್ಲೇ ಹುಟ್ಟಿದ ಬಿ. ಎಲ್. ರೈಸ್ ಅವರು ಕನ್ನಡ ಪಂಡಿತರ ನೆರವಿನಿಂದ ಹಳೆಯ ಮೈಸೂರು ಸಂಸ್ಥಾನದ ಶಾಸನಗಳನ್ನು ಜಿಲ್ಲಾವಾರು ಸಂಗ್ರಹಿಸಿದರು. ಮೊದಲ ಸಂಪುಟ 1886ರಲ್ಲಿ ಬಂತು. ನಮಗೆ ಬೇಕಾದವು 7 ಮತ್ತು 8ನೇ ಸಂಪುಟಗಳು. 1902ರ 7ನೇ ಸಂಪುಟದಲ್ಲಿ ಶಿವಮೊಗ್ಗ, ಶಿಕಾರಿಪುರ, ಹೊನ್ನಾಳಿ, ಚನ್ನಗಿರಿ ತಾಲೂಕುಗಳಿವೆ. 1904ರ 8ನೇ ಸಂಪುಟದಲ್ಲಿ ಸೊರಬ, ಸಾಗರ, ನಗರ, ತೀರ್ಥಹಳ್ಳಿ. ಹೊಸನಗರದವರು ‘ನಗರ’ ತಾಲೂಕಿನಡಿ ಹುಡುಕಬೇಕು. ಹೊನ್ನಾಳಿ, ಚನ್ನಗಿರಿ ಈಗ ದಾವಣಗೆರೆ ಜಿಲ್ಲೆಯಲ್ಲಿದ್ದರೂ ಪುಸ್ತಕದಲ್ಲಿ ಶಿವಮೊಗ್ಗದ ಜೊತೆಗೇ ಇವೆ. ಕೊಪ್ಪ, ಶೃಂಗೇರಿ, ಮೂಡಿಗೆರೆ ಕಡೆಯವರಿಗೆ 6ನೇ ಸಂಪುಟ, ಅಂದರೆ ಆಗಿನ ಕಡೂರು ಜಿಲ್ಲೆ.

ಇಂಟರ್ನೆಟ್ ಆರ್ಕೈವ್ ಎಂಬ ತಾಣದಲ್ಲಿ ಪುಸ್ತಕದ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ. ಒಂದೇ ಸಂಪುಟದ ಹಲವು ಸ್ಕ್ಯಾನ್ ಪ್ರತಿಗಳು ಬರಬಹುದು. ಒಂದರಲ್ಲಿ ಪುಟ ಮಸುಕಾಗಿದ್ದರೆ ಇನ್ನೊಂದು ನೋಡಿ. ಪಿಡಿಎಫ್ ಇಳಿಸಿಕೊಳ್ಳುವ ಕೆಲಸ ಮನೆಯಲ್ಲೇ ಮುಗಿಸಿ. ಕಾಡಿನ ಕಡೆ ಹೋದ ಮೇಲೆ ನೆಟ್‌ವರ್ಕ್ ಸಿಗುತ್ತದೆ ಅಂತ ನಂಬಿ ಕೂರಬೇಡಿ.

ಹಂತ 2: ಊರಿನ ಹೆಸರು, ಶಾಸನದ ಸಂಖ್ಯೆ

ಹಳೆಯ ಅಚ್ಚಿನ ಕನ್ನಡ ಅಕ್ಷರಗಳನ್ನು ಕಂಪ್ಯೂಟರ್ ಸರಿಯಾಗಿ ಗುರುತಿಸುವುದಿಲ್ಲ. ಹಾಗಾಗಿ ಪಿಡಿಎಫ್ ಒಳಗೆ ಊರಿನ ಹೆಸರನ್ನೂ ಇಂಗ್ಲಿಷ್ ಅಕ್ಷರದಲ್ಲೇ ಹುಡುಕಿ. ಈಗಿನ ಕಾಗುಣಿತಕ್ಕೆ ಸಿಗದಿದ್ದರೆ ಬೇರೆ ರೂಪ ಹಾಕಿ ನೋಡಿ. ಬಳ್ಳಿಗಾವಿಗೆ ಬೆಳಗಾಮಿ, ಬಳ್ಳಿಗಾವೆ ಅಂತಲೂ ಇದೆ. ಹುಂಚಕ್ಕೆ ಹೊಂಬುಜ, ಹೊಂಬುಚ, ಪೊಂಬುರ್ಚ. ಅದಕ್ಕೂ ಸಿಗದಿದ್ದರೆ ತಾಲೂಕಿನ ಭಾಗ ತೆರೆದು ಹೋಬಳಿ ಹಿಡಿದು ಪುಟ ತಿರುಗಿಸಬೇಕು. ತಾಳ್ಮೆ ಬೇಕು, ಆದರೆ ಅಕ್ಕಪಕ್ಕದ ಊರುಗಳ ಶಾಸನಗಳೂ ಹೀಗೆಯೇ ಕೈಗೆ ಸಿಗುವುದು.

ಪ್ರತಿ ಶಾಸನಕ್ಕೂ ತಾಲೂಕಿನ ಹೆಸರಿನ ಜೊತೆ ಒಂದು ಸಂಖ್ಯೆ ಇರುತ್ತದೆ. ತಾಳಗುಂದದ ಕಂಬದ ಶಾಸನ ‘ಶಿಕಾರಿಪುರ 176’. ಈ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಇಂಗ್ಲಿಷ್ ಅನುವಾದ, ಇಂಗ್ಲಿಷ್ ಲಿಪಿಯ ಪಾಠ, ಕನ್ನಡ ಲಿಪಿಯ ಪಾಠ ಒಂದೇ ಸಂಪುಟದ ಬೇರೆ ಬೇರೆ ಭಾಗಗಳಲ್ಲಿರುತ್ತವೆ, ಮೂರನ್ನೂ ಜೋಡಿಸುವುದು ಈ ಸಂಖ್ಯೆಯೇ. ವಿದ್ವಾಂಸರ ಲೇಖನಗಳಲ್ಲೂ ಇದನ್ನೇ ಕೊಡುತ್ತಾರೆ.

ಹಂತ 3: ಮೊದಲು ಅನುವಾದ, ಆಮೇಲೆ ಮೂಲ

ತಾಳಗುಂದದ್ದನ್ನೇ ತೆಗೆದುಕೊಳ್ಳೋಣ. ಶಿರಾಳಕೊಪ್ಪದ ಪಕ್ಕದ ಈ ಊರಿನ ಪ್ರಣವೇಶ್ವರ ದೇವಸ್ಥಾನದ ಮುಂದಿನ ಕಂಬದಲ್ಲಿ ಐದನೇ ಶತಮಾನದ ಸಂಸ್ಕೃತ ಕಾವ್ಯವಿದೆ. ಬರೆದವನು ಕುಬ್ಜ ಎಂಬ ಕವಿ. ಕದಂಬ ವಂಶ ಕಟ್ಟಿದ ಮಯೂರಶರ್ಮ ತನ್ನ ಗುರು ವೀರಶರ್ಮನ ಜೊತೆ ಕಂಚಿಯ ಘಟಿಕೆಗೆ, ಅಂದರೆ ಅಲ್ಲಿನ ವಿದ್ಯಾಕೇಂದ್ರಕ್ಕೆ, ಓದಲು ಹೋಗುತ್ತಾನೆ. ಅಲ್ಲಿ ಪಲ್ಲವರ ಕುದುರೆ ಸವಾರನೊಬ್ಬನ ಜೊತೆ ಜಗಳವಾಗುತ್ತದೆ. ದರ್ಭೆ ಹಿಡಿದ ಕೈಯಲ್ಲೇ ಕತ್ತಿ ಹಿಡಿದು ಶ್ರೀಪರ್ವತದವರೆಗಿನ ಕಾಡಿನಲ್ಲಿ ನೆಲೆ ನಿಲ್ಲುತ್ತಾನೆ. ಬೃಹದ್ಬಾಣ ಅರಸರಿಂದ ಕಪ್ಪ ವಸೂಲಿ ಮಾಡುತ್ತಾನೆ. ಕೊನೆಗೆ ಪಲ್ಲವರೇ ಅವನನ್ನು ಒಪ್ಪಿಕೊಳ್ಳಬೇಕಾಗುತ್ತದೆ. ಶಾಲೆಯ ಪುಸ್ತಕದಲ್ಲಿ ಇಷ್ಟನ್ನು ನಾವೆಲ್ಲ ಓದಿದ್ದೇವೆ, ಅಲ್ವಾ? ಆದರೆ ಪೂರ್ತಿ ಶಾಸನ ಓದಿದರೆ ಇನ್ನೊಂದು ವಿಷಯ ಸಿಗುತ್ತದೆ. ಅದೇ ವಂಶದ ಕಾಕುಸ್ಥವರ್ಮ ಈ ಶಿವಾಲಯದ ಬಳಿ ಕೆರೆ ತೋಡಿಸಿದ್ದನ್ನು ಹೇಳುವುದಕ್ಕೇ ಇಷ್ಟೆಲ್ಲ ಪೀಠಿಕೆ! ಅವನ ಮಗ ಶಾಂತಿವರ್ಮನ ಕಾಲದಲ್ಲಿ ಈ ಕಾವ್ಯ ಕಲ್ಲಿಗೆ ಏರಿತು. ಒಂದು ರಾಜವಂಶದ ಕಥೆ ನಮಗೆ ಉಳಿದು ಬಂದಿರುವುದು ಮಲೆನಾಡಿನ ಒಂದು ಕೆರೆಯ ನೆಪದಲ್ಲಿ. ಸಂಕ್ಷಿಪ್ತ ಪಾಠ ಓದಿ ಬಿಟ್ಟರೆ ಇದು ಕೈತಪ್ಪುತ್ತದೆ.

ಇನ್ನೊಂದು ಓದಲೇಬೇಕಾದ್ದು ಬಳ್ಳಿಗಾವಿಯ ಕೋಡಿಯಮಠದ 1162ರ ಶಾಸನ, ‘ಶಿಕಾರಿಪುರ 102’. ಕಳಚುರಿ ಬಿಜ್ಜಳನ ಕಾಲದ್ದು. ಆ ಮಠದಲ್ಲಿ ನಾಲ್ಕು ವೇದ, ಹಲವು ವ್ಯಾಕರಣಗಳು, ದರ್ಶನಗಳು, ಪುರಾಣಗಳ ಪಾಠ ನಡೆಯುತ್ತಿತ್ತು. ಅನಾಥರು, ಕುಂಟರು, ಕುರುಡರು, ಕಿವುಡರಿಗೆ ಊಟ ಹಾಕುತ್ತಿದ್ದರು. ದಿಕ್ಕಿಲ್ಲದ ರೋಗಿಗಳಿಗೆ ಔಷಧಿಯೂ ಇತ್ತು. ಯಾರ್‍ಯಾರಿಗೆ ಅನ್ನ ಅಂತ ಶಾಸನ ಉದ್ದಕ್ಕೆ ಹೆಸರಿಸುತ್ತಾ ಹೋಗುತ್ತದೆ. ಆ ಸಾಲುಗಳನ್ನು ಕನ್ನಡ ಲಿಪಿಯಲ್ಲಿ ಗಟ್ಟಿಯಾಗಿ ಓದಿ ನೋಡಿ, ಲಯ ಕಿವಿಗೆ ಹಿಡಿಯುತ್ತದೆ.

ಮೂಲಕ್ಕೆ ಇಳಿದಾಗ ಹೆದರಬೇಡಿ. ದಾನಶಾಸನಗಳು ಹೆಚ್ಚುಕಡಿಮೆ ಒಂದೇ ದಾರಿಯಲ್ಲಿ ನಡೆಯುತ್ತವೆ. ‘ನಮಸ್ತುಂಗ’ ಅಂತ ಶುರುವಾದರೆ ಶಿವಸ್ತುತಿ. ‘ಶ್ರೀಮತ್ಪರಮಗಂಭೀರ’ ಅಂತ ಶುರುವಾದರೆ ಜೈನ ಶಾಸನ. ಆಮೇಲೆ ರಾಜನ ಬಿರುದುಗಳು, ಅವನ ಕೆಳಗಿನ ಅಧಿಕಾರಿ, ತಿಥಿ, ದಾನದ ವಿವರ, ಗದ್ದೆಯ ಎಲ್ಲೆ. ಕೊನೆಗೆ ಶಾಪಾಶಯ: ದಾನ ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಹೇಸಿಗೆಯ ಹುಳುವಾಗಿ ಹುಟ್ಟುತ್ತಾನೆ! ಬಿರುದುಗಳಲ್ಲಿ ಸಮಯ ಕಳೆಯದೆ ದಾನದ ಭಾಗಕ್ಕೆ ಹೋಗಿ. ಮತ್ತರು ಅಂದರೆ ನೆಲದ ಅಳತೆ, ಗದ್ಯಾಣ ಅಂದರೆ ಚಿನ್ನದ ನಾಣ್ಯ. ಉಳಿದ ಪದಗಳಿಗೆ 1894ರ ಕಿಟ್ಟೆಲ್ ನಿಘಂಟು ಆರ್ಕೈವ್‌ನಲ್ಲೇ ಇದೆ. ‘ಅಲರ್’ ಎಂಬ ಆನ್‌ಲೈನ್ ನಿಘಂಟು, ‘ಭಾರತವಾಣಿ’ ತಾಣದ ಕನ್ನಡ ನಿಘಂಟುಗಳೂ ಉಪಯೋಗಕ್ಕೆ ಬರುತ್ತವೆ.

ಹಂತ 4: ವರ್ಷ ಲೆಕ್ಕ ಹಾಕಿ

ಶಕವರ್ಷಕ್ಕೆ 78 ಕೂಡಿಸಿದರೆ ಈಗಿನ ವರ್ಷ ಬರುತ್ತದೆ. ಬಳ್ಳಿಗಾವಿಯ ಗಂಡಭೇರುಂಡ ಕಂಬ ಶಕ 969ರದ್ದು, ಅಂದರೆ 1047. ತಿಥಿ ಪುಷ್ಯ, ಮಾಘ, ಫಾಲ್ಗುಣದ ಕಡೆಯದಾದರೆ ಒಂದು ವರ್ಷ ಹೆಚ್ಚಾಗಬಹುದು, ಯಾಕೆಂದರೆ ಅಷ್ಟರಲ್ಲಿ ಜನವರಿ ದಾಟಿರುತ್ತದೆ. ಜೊತೆಗೆ ಸಂವತ್ಸರದ ಹೆಸರು ನೋಡಿ. ಅರವತ್ತು ಹೆಸರುಗಳು ಸುತ್ತುತ್ತಾ ಬರುತ್ತವೆ. 1987ರಲ್ಲಿ ಪ್ರಭವ ಬಂದಿತ್ತು. ಅಲ್ಲಿಂದ ಅರವತ್ತರಂತೆ ಹಿಂದಕ್ಕೆ ಹೋದರೆ 1027 ಕೂಡ ಪ್ರಭವ. 1047ಕ್ಕೆ ಇಪ್ಪತ್ತೊಂದನೆಯ ಹೆಸರು, ಸರ್ವಜಿತ್ತು. ಶಕವರ್ಷವೂ ಸಂವತ್ಸರವೂ ತಾಳೆಯಾದರೆ ಧೈರ್ಯವಾಗಿ ಬರೆದುಕೊಳ್ಳಿ.

ಶಿಕಾರಿಪುರ, ಸೊರಬದ ಕಡೆ ಚಾಲುಕ್ಯ ವಿಕ್ರಮ ವರ್ಷವೂ ಸಿಗುತ್ತದೆ. ಆರನೇ ವಿಕ್ರಮಾದಿತ್ಯ 1076ರಲ್ಲಿ ಶುರು ಮಾಡಿದ್ದು. ಇದಕ್ಕೆ 1075 ಕೂಡಿಸಿ. 27ನೇ ವರ್ಷ ಅಂದರೆ 1102.

ಹಂತ 5: ನಕ್ಷೆಯ ಮೇಲೆ ಊರು ಹುಡುಕಿ

ಗೂಗಲ್ ಅರ್ತ್‌ನಲ್ಲಿ ಕೆರೆ, ಏರಿ, ದೇವಸ್ಥಾನ ನೋಡಿ. ಶಾಸನದಲ್ಲಿ ಹೇಳಿದ ಊರು ಈಗ ಜನವಸತಿ ಇಲ್ಲದ ಬೇಚರಾಕ್ ಗ್ರಾಮವಾಗಿರಬಹುದು. ‘ದಿಶಾಂಕ್’ ಆ್ಯಪ್‌ನಲ್ಲಿ ಸರ್ವೆ ನಂಬರ್ ಸಮೇತ ಗ್ರಾಮದ ಗಡಿ ಕಾಣುತ್ತದೆ. ಶರಾವತಿಯ ಕಡೆಯವರಿಗೆ ಒಂದು ಮಾತು. ಲಿಂಗನಮಕ್ಕಿ ಅಣೆಕಟ್ಟು 1964ರದ್ದು, 8ನೇ ಸಂಪುಟ 1904ರದ್ದು. ನಿಮ್ಮ ಅಜ್ಜನ ಊರು ಹಿನ್ನೀರಿನಲ್ಲಿ ಮುಳುಗಿದ್ದರೂ ಆ ಊರಿನ ಹೆಸರನ್ನು ಸಂಪುಟದಲ್ಲಿ ಹುಡುಕಿ ನೋಡಿ. ಶಾಸನ ಅಚ್ಚಾಗಿದ್ದರೆ ಅಕ್ಷರವಾದರೂ ಉಳಿದಿರುತ್ತದೆ.

ಹಂತ 6: ಒಂದೇ ಪುಸ್ತಕಕ್ಕೆ ನಿಲ್ಲಬೇಡಿ

ರೈಸ್ ಅವರ ನಂತರವೂ ಶಾಸನಗಳು ಸಿಗುತ್ತಲೇ ಇವೆ. ತಾಳಗುಂದದಲ್ಲೇ 2013-14ರಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣೆ ನಡೆಸಿದ ಉತ್ಖನನದಲ್ಲಿ ಸಿಂಹಕಟಾಂಜನದ (ಸಿಂಹ ಕೆತ್ತಿದ ಕಟಕಟೆಯ) ಶಾಸನ ಹೊರಬಂತು. ಅದು ಸುಮಾರು 370ರದ್ದು ಎಂಬ ಅಭಿಪ್ರಾಯವಿದೆ. 1902ರ ಪುಸ್ತಕ ಮಾತ್ರ ಓದಿದವರಿಗೆ ಇದು ಗೊತ್ತೇ ಆಗುವುದಿಲ್ಲ. ಮೈಸೂರು ಪುರಾತತ್ವ ಇಲಾಖೆಯ ವಾರ್ಷಿಕ ವರದಿಗಳು, ‘ಎಪಿಗ್ರಾಫಿಯಾ ಇಂಡಿಕಾ’ ಸಂಪುಟಗಳನ್ನೂ ಆರ್ಕೈವ್‌ನಲ್ಲಿ ನೋಡಿ.

ಕೆಳದಿ ಅರಸರ ಕಾಲಕ್ಕೆ ಬಂದರೆ ಪರದೇಶಿ ಪ್ರವಾಸಿಗಳ ಬರಹಗಳೂ ಸಿಗುತ್ತವೆ. ಇಟಲಿಯ ಪಿಯೆತ್ರೋ ದೆಲ್ಲಾ ವಾಲ್ಲೆ 1623ರಲ್ಲಿ ಗೋವೆಯ ರಾಯಭಾರಿಗಳ ಜೊತೆ ಇಕ್ಕೇರಿಗೆ, ವೆಂಕಟಪ್ಪ ನಾಯಕನ ಬಳಿಗೆ ಬಂದಿದ್ದ. ಘಟ್ಟ ಹತ್ತಿ ಬರುವಾಗ ದೇವಸ್ಥಾನದ ಜಗುಲಿಯಲ್ಲಿ ಮಕ್ಕಳು ನೆಲಕ್ಕೆ ಮರಳು ಹರಡಿ, ಬೆರಳಲ್ಲಿ ಬರೆಯುತ್ತಾ ರಾಗವಾಗಿ ಲೆಕ್ಕ ಕಲಿಯುತ್ತಿದ್ದುದನ್ನು ನೋಡಿ ಬರೆದಿಟ್ಟಿದ್ದಾನೆ. ಫ್ರಾನ್ಸಿಸ್ ಬುಕಾನನ್ 1801ರಲ್ಲಿ ನಗರ, ಇಕ್ಕೇರಿ, ಸಾಗರದ ಮೂಲಕ ಹಾದು ಹೋದ. ಅಡಿಕೆ, ಮೆಣಸು, ಗದ್ದೆಯ ವಿವರ ಅವನಲ್ಲಿ ಧಾರಾಳವಾಗಿದೆ. ಇಬ್ಬರೂ ಹೊರಗಿನವರು, ಅವರ ತೀರ್ಮಾನಗಳನ್ನು ಹಾಗೇ ನುಂಗಬೇಕಿಲ್ಲ. ಕಣ್ಣಾರೆ ಕಂಡದ್ದನ್ನು ಮಾತ್ರ ಇಟ್ಟುಕೊಳ್ಳಿ.

ವಾಟ್ಸ್ಆ್ಯಪ್‌ನಲ್ಲಿ ತಿರುಗುವ ಸ್ಥಳಪುರಾಣಕ್ಕೂ ಎಐ ಚಾಟ್ ಕೊಡುವ ಉತ್ತರಕ್ಕೂ ಒಂದೇ ಪರೀಕ್ಷೆ: ಶಾಸನದ ಸಂಖ್ಯೆ ಕೇಳಿ, ಸಂಪುಟ ತೆರೆದು ನೋಡಿ. ಎಐ ಕೆಲವೊಮ್ಮೆ ಇಲ್ಲದ ಸಂಖ್ಯೆಯನ್ನೂ ಗಂಭೀರವಾಗಿ ಹೇಳಿಬಿಡುತ್ತದೆ.

ಹಂತ 7: ಕಲ್ಲಿನ ಎದುರು

ಮಳೆಗಾಲದಲ್ಲಿ ಪಾಚಿ ಕಟ್ಟಿರುತ್ತದೆ. ದೀಪಾವಳಿ ಕಳೆದ ಮೇಲೆ ಹೊರಡಿ. ಬೆಳಗ್ಗೆ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಅಕ್ಷರ ಎದ್ದು ಕಾಣುತ್ತದೆ. ನೆರಳಿನ ಜಾಗವಾದರೆ ಟಾರ್ಚನ್ನು ಕಲ್ಲಿಗೆ ತಾಗುವಷ್ಟು ಹತ್ತಿರ, ಪಕ್ಕದಿಂದ ಹಿಡಿದು ಫೋಟೋ ತೆಗೆಯಿರಿ. ಮೊದಲು ಇಡೀ ಕಲ್ಲು, ಆಮೇಲೆ ನಾಲ್ಕೈದು ಸಾಲಿನಂತೆ ಹತ್ತಿರದಿಂದ. ಸೀಮೆಸುಣ್ಣ, ಎಣ್ಣೆ, ಆಸಿಡ್, ತಂತಿ ಬ್ರಷ್ ಯಾವುದೂ ಬೇಡ. ಮೆತ್ತನೆ ಬ್ರಷ್, ಸ್ವಲ್ಪ ನೀರು ಸಾಕು. ತೋಟದೊಳಗಿನ ಕಲ್ಲಾದರೆ ಯಜಮಾನರನ್ನು ಕೇಳಿಯೇ ಹೋಗಿ.

ಅಕ್ಷರವಿಲ್ಲದ ವೀರಗಲ್ಲನ್ನೂ ಬಿಡಬೇಡಿ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೂತ ವೀರ. ಕಾಳಗದ ಪಕ್ಕ ದನಗಳಿದ್ದರೆ ಅದು ತುರುಗೋಳು, ಅಂದರೆ ದನಗಳಿಗಾಗಿ ನಡೆದ ಕಾಳಗ. ಬಳೆ ತೊಟ್ಟ ಕೈ ಎತ್ತಿ ನಿಂತಿದ್ದರೆ ಮಾಸ್ತಿಕಲ್ಲು, ಅಂದರೆ ಸತಿ ಹೋದವಳ ನೆನಪಿನ ಕಲ್ಲು.

ನಿಮ್ಮ ಕಲ್ಲು ಯಾವ ಸಂಪುಟದಲ್ಲೂ ಸಿಗದಿದ್ದರೆ ಅದು ಹೊಸ ಶಾಸನವೇ ಇರಬಹುದು. ಫೋಟೋ, ಊರಿನ ಹೆಸರು, ಸರ್ವೆ ನಂಬರ್ ಹಿಡಿದು ರಾಜ್ಯ ಪುರಾತತ್ವ ಇಲಾಖೆಗೆ ತಿಳಿಸಿ. ಶಿವಮೊಗ್ಗದ ಶಿವಪ್ಪನಾಯಕನ ಅರಮನೆಯಲ್ಲಿ ಸರ್ಕಾರಿ ವಸ್ತು ಸಂಗ್ರಹಾಲಯವಿದೆ, ಅಲ್ಲೂ ವಿಚಾರಿಸಬಹುದು. ಫೋಟೋಗಳನ್ನು ವಿಕಿಮೀಡಿಯಾ ಕಾಮನ್ಸ್‌ಗೆ ಹಾಕಿದರೆ ಎಲ್ಲರಿಗೂ ಸಿಗುತ್ತವೆ. ಆದರೆ ಕಾಡಿನೊಳಗೆ ಒಂಟಿಯಾಗಿ ನಿಂತ ಕಲ್ಲಿನ ನಿಖರ ಲೊಕೇಶನ್ ಹಾಕಬೇಡಿ, ನಿಧಿಗಳ್ಳರೂ ಅದನ್ನೇ ನೋಡುತ್ತಾರೆ. ಊರಿನ ಹೆಸರು ಸಾಕು. ಶಾಸನದ ಪಾಠವನ್ನು ಈಗಿನ ಕನ್ನಡದಲ್ಲಿ ನಾಲ್ಕು ಸಾಲು ಬರೆದು, ಸಂಖ್ಯೆ ಸಮೇತ ಪಂಚಾಯ್ತಿ ಕಟ್ಟಡದಲ್ಲೋ ಶಾಲೆಯಲ್ಲೋ ಅಂಟಿಸಿ.